ಅಟ್ಟದಲ್ಲಿ ಸಿಕ್ಕ ಹಳೇ ಗ್ಯಾಸ್ ಮಾಸ್ಕ್ ಸೈನಿಕರದ್ದಾ ಅಂತ ಗುರುತಿಸೋದು ಹೇಗೆ? ಬೆಲೆ ಎಷ್ಟು ಬರಬಹುದು?

ನೀವು ಕೇಳಿದ್ದು ಇಷ್ಟು: ನಾಟಿಂಗ್‌ಹ್ಯಾಮ್‌ನಲ್ಲಿ ಹಳೇ ಮನೆ ಕೊಂಡಿದ್ದೀರಿ, ಅಟ್ಟ ಖಾಲಿ ಮಾಡುವಾಗ ಎರಡು ಗ್ಯಾಸ್ ಮಾಸ್ಕ್ ಸಿಕ್ಕಿವೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಕಪ್ಪು ರಬ್ಬರಿನದು. ಇನ್ನೊಂದು ಖಾಕಿ ಚೀಲದಲ್ಲಿ, ಆನೆ ಸೊಂಡಿಲಿನ ಹಾಗೆ ಪೈಪ್ ಇರುವುದು. ಎರಡೂ ಸೈನಿಕರದ್ದಾ, ಪೈಪ್ ಇರುವುದು ಮೊದಲ ಮಹಾಯುದ್ಧದ್ದಾ, ಮಾರಿದರೆ ಎಷ್ಟು ಬರುತ್ತದೆ? ನಾನು ಇಂಗ್ಲೆಂಡಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಭಾನುವಾರದ ಹಳೇ ಸಾಮಾನಿನ ಸಂತೆಗಳಲ್ಲಿ ಇಂಥವನ್ನೇ ಹುಡುಕಿ ತಂದು ಮನೆಯವಳ ಹತ್ತಿರ ಬೈಸಿಕೊಳ್ಳುವವನು.

ಬೆಲೆ ಆಮೇಲೆ. ಮುಖಕ್ಕೆ ಹಾಕಿಕೊಂಡು ಸೆಲ್ಫಿ ತೆಗೆದುಕೊಂಡಿಲ್ಲ ತಾನೇ? ದಯವಿಟ್ಟು ಬೇಡ, ಮಕ್ಕಳ ಕೈಗಂತೂ ಕೊಡಲೇಬೇಡಿ. ಆ ಕಾಲದ ಫಿಲ್ಟರ್ ಡಬ್ಬಿಯಲ್ಲಿ ಇದ್ದಿಲಿನ ಜೊತೆ ಕಲ್ನಾರು, ಅಂದರೆ ಆಸ್ಬೆಸ್ಟಸ್ ಇರುತ್ತದೆ. ಸೈನಿಕರ ಮಾಸ್ಕಿನಲ್ಲಿ ನೀಲಿ ಆಸ್ಬೆಸ್ಟಸ್, ಅದು ಇನ್ನೂ ಕೆಟ್ಟದ್ದು. ಯುದ್ಧದ ವರ್ಷಗಳಲ್ಲಿ ನಿಮ್ಮ ನಾಟಿಂಗ್‌ಹ್ಯಾಮ್‌ನಲ್ಲೇ ಈ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಆ ಕೆಲಸ ಮಾಡಿದ ಹೆಂಗಸರಲ್ಲಿ ಹಲವರು ದಶಕಗಳ ನಂತರ ಶ್ವಾಸಕೋಶದ ಪೊರೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. 2014ರಲ್ಲಿ ಇಲ್ಲಿನ ಸರ್ಕಾರ ಶಾಲೆಗಳಿಗೂ ಎಚ್ಚರಿಕೆ ಕೊಟ್ಟಿತು, ಇತಿಹಾಸ ಪಾಠದಲ್ಲಿ ಮಕ್ಕಳಿಗೆ ಹಳೇ ಮಾಸ್ಕ್ ಹಾಕಿಸಬೇಡಿ ಅಂತ. ಡಬ್ಬಿ ಅಲ್ಲಾಡಿಸಬೇಡಿ, ಬಿಚ್ಚಬೇಡಿ. ಎರಡನ್ನೂ ಒಂದೊಂದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ.

ಈಗ ರಟ್ಟಿನ ಪೆಟ್ಟಿಗೆಯದು. ಕಣ್ಣಿಗೆ ಎರಡು ಗಾಜಿನ ಬದಲು ಅಡ್ಡಕ್ಕೆ ಒಂದೇ ಕಿಟಕಿ ಇದೆ ಅಲ್ವಾ? ಹಾಗಿದ್ದರೆ ಅದು ಸೈನಿಕರದ್ದಲ್ಲ, ಊರಿನ ಜನರಿಗೆ ಪುಕ್ಕಟೆ ಹಂಚಿದ್ದು. 1938ರ ಸೆಪ್ಟೆಂಬರ್‌ನಲ್ಲಿ, ಮ್ಯೂನಿಕ್ ಬಿಕ್ಕಟ್ಟಿನ (ಹಿಟ್ಲರ್ ಜೊತೆ ಯುದ್ಧ ಇನ್ನೇನು ಬಂತು ಅನ್ನುವಂತಾಗಿದ್ದ) ಹೊತ್ತಿಗೇ, ಸುಮಾರು 3.8 ಕೋಟಿ ಮಾಸ್ಕ್ ಹಂಚಿ ಆಗಿತ್ತು. ಅಷ್ಟು ಇದ್ದದ್ದಕ್ಕೇ ಇಂದಿಗೂ ಅಟ್ಟಗಳಲ್ಲಿ ಸಿಗುತ್ತವೆ, ಅದಕ್ಕೇ ಬೆಲೆಯೂ ಕಡಿಮೆ. ಡಬ್ಬಿಯ ತುದಿಗೆ ಹಸಿರು ಬಣ್ಣದ ಇನ್ನೊಂದು ತಗಡಿನ ಬಿಲ್ಲೆ ಅಂಟಿಸಿದ್ದರೆ ಅದು 1940ರಲ್ಲಿ ಸೇರಿಸಿದ್ದು, ವಿಷದ ಹೊಗೆ ತಡೆಯಲಿಕ್ಕೆ. ಕಿಟಕಿ ಹಳದಿಯಾಗಿ ಸೊಟ್ಟಗಾಗಿದ್ದರೆ ಗಾಬರಿ ಬೇಡ, ಆ ಪ್ಲಾಸ್ಟಿಕ್ಕಿನ ಹಣೆಬರಹವೇ ಅದು. ಸಂತೆಯಲ್ಲಿ ನಾನು ನೋಡಿದ ಮಟ್ಟಿಗೆ ಪೆಟ್ಟಿಗೆ ಸಮೇತ ಇಪ್ಪತ್ತು ಮೂವತ್ತು ಪೌಂಡ್. ಪೆಟ್ಟಿಗೆಯ ಮೇಲೆ ಹಳೇ ಮಾಲೀಕರ ಹೆಸರು, ಮನೆ ನಂಬರ್ ಬರೆದಿದ್ದರೆ ಸ್ವಲ್ಪ ಜಾಸ್ತಿ. ಪುಟ್ಟ ಮಕ್ಕಳದ್ದು ಕೆಂಪು ರಬ್ಬರ್, ನೀಲಿ ಡಬ್ಬಿ, ಜನ ಅದನ್ನು ಮಿಕ್ಕಿ ಮೌಸ್ ಮಾಸ್ಕ್ ಅಂತಲೇ ಕರೆಯುತ್ತಾರೆ. ಅಟ್ಟದ ಮೂಲೆಯಲ್ಲಿ ಅದೇನಾದರೂ ಇದ್ದರೆ ಇದಕ್ಕಿಂತ ಒಳ್ಳೆ ಬೆಲೆ.

ನಿಜವಾದ ಸೈನಿಕರದ್ದು ಅಂದರೆ ಸೊಂಡಿಲಿನದೇ ಇರಬೇಕು. ಯಾವ ಯುದ್ಧದ್ದು ಅಂತ ತಿಳಿಯೋದು ಸುಲಭ. ಮುಖದ ಒಳಭಾಗ ನೋಡಿ. ಮೂಗು ಒತ್ತಿ ಹಿಡಿಯುವ ಕ್ಲಿಪ್, ಹಲ್ಲಲ್ಲಿ ಕಚ್ಚಿಕೊಳ್ಳುವ ರಬ್ಬರ್ ತುಂಡು ಇದ್ದರೆ ಅದು 1916ರಲ್ಲಿ ಬಂದ ಮಾದರಿ, ಮೊದಲ ಮಹಾಯುದ್ಧದ್ದು. ಆಗ ಮೂಗು ಮುಚ್ಚಿ ಬಾಯಲ್ಲೇ ಉಸಿರಾಡಬೇಕಿತ್ತು, ಪಾಪ. ಅಂಥದ್ದು ಚೀಲ ಸಮೇತ ಸಿಕ್ಕರೆ ಮಾತ್ರ ನಿಮ್ಮ ಅದೃಷ್ಟ, ನೂರಾರು ಪೌಂಡಿನ ಮಾತು. ಕ್ಲಿಪ್ ಇಲ್ಲದೆ, ಮುಖದ ರಬ್ಬರಿನ ಮೇಲೆ ಖಾಕಿ ಬನಿಯನ್ ಬಟ್ಟೆ ಹೊದಿಸಿದ ಹಾಗಿದ್ದು, ಎರಡು ದುಂಡು ಗಾಜು ಇದ್ದರೆ ಎರಡನೇ ಯುದ್ಧದ್ದು. 1943ರ ಹೊತ್ತಿಗೆ ಸೊಂಡಿಲೇ ಹೋಯಿತು, ಡಬ್ಬಿಯನ್ನು ಎಡಗೆನ್ನೆಗೆ ತಿರುಪಿನಲ್ಲಿ ಕೂರಿಸಿದರು. ಬಲಗೈಯವನು ಬಂದೂಕು ಹಿಡಿಯುವಾಗ ಅಡ್ಡ ಬರಬಾರದಲ್ಲ.

ಇಲ್ಲಿ ಬೆಲೆ ನಿಂತಿರೋದು ಮಾಸ್ಕಿನ ಮೇಲಲ್ಲ, ಜೊತೆಗೆ ಏನೇನು ಉಳಿದಿದೆ ಅನ್ನೋದರ ಮೇಲೆ. ಚೀಲದ ಒಳಜೇಬುಗಳಲ್ಲಿ ಗಾಜಿಗೆ ಮಂಜು ಕಟ್ಟದಂತೆ ಒರೆಸುವ ಬಟ್ಟೆಯ ಪುಟ್ಟ ಡಬ್ಬಿ, ಚರ್ಮಕ್ಕೆ ಹಚ್ಚುವ ಮುಲಾಮಿನ ತಗಡಿನ ಡಬ್ಬಿ, ಮಡಚಿಟ್ಟ ಪಾರದರ್ಶಕ ಕಣ್ಣುಪಟ್ಟಿಗಳು ಇರಬಹುದು. ಬಿಸಾಡಬೇಡಿ. ಮುಖದ ರಬ್ಬರಿಗೆ, ಫಿಲ್ಟರ್ ಡಬ್ಬಿಗೆ, ಚೀಲಕ್ಕೆ ಬೇರೆ ಬೇರೆ ಮುದ್ರೆ ಇರುತ್ತದೆ: ತಯಾರಿಸಿದವರ ಗುರುತು, ವರ್ಷ, ಮತ್ತು ಕಾಗೆ ಹೆಜ್ಜೆಯಂಥ ಮೂರು ಗೀಟಿನ ಬಾಣ. ಆ ಬಾಣ ಅಂದರೆ ಬ್ರಿಟಿಷ್ ಸರ್ಕಾರದ ಸ್ವತ್ತು. ಮೂರರಲ್ಲೂ ವರ್ಷ ಹತ್ತಿರ ಹತ್ತಿರ ಇದ್ದರೆ ಸಂಗ್ರಾಹಕರು ಕಣ್ಣರಳಿಸುತ್ತಾರೆ. 1939ರ ಮುಖಕ್ಕೆ 1942ರ ಡಬ್ಬಿ ಇದ್ದರೆ ಅದು ನಕಲಿಯೇನಲ್ಲ, ಸೈನ್ಯದಲ್ಲೇ ಡಬ್ಬಿ ಬದಲಿಸಿರುತ್ತಾರೆ. ಎಲ್ಲಾ ಸೇರಿ ಚೆನ್ನಾಗಿದ್ದರೆ ಎಂಬತ್ತು, ನೂರು ಪೌಂಡ್ ಕೊಡುವವರನ್ನು ನೋಡಿದ್ದೇನೆ. ರಬ್ಬರ್ ಬಿರಿದು ಪುಡಿಯಾಗಿದ್ದರೆ ಅರ್ಧವೂ ಹುಟ್ಟುವುದಿಲ್ಲ.

ನನ್ನ ಪೆದ್ದುತನ ಒಂದು ಹೇಳಿಬಿಡುತ್ತೇನೆ. ಮೊದಲ ಸಲ ಇಂಥ ಚೀಲ ತಂದಾಗ ಕೊಳೆ ಅಂತ ಸೋಪಿನ ನೀರಲ್ಲಿ ನೆನೆಸಿದೆ. ಮುಚ್ಚಳದ ಒಳಗೆ ಶಾಯಿಯಲ್ಲಿ ಒಂದು ಹೆಸರು, ಸೈನಿಕನ ನಂಬರ್ ಇತ್ತು. ಸಂಜೆ ಹೊತ್ತಿಗೆ ಬಕೆಟ್ಟಿನ ನೀರು ನೀಲಿ, ಮುಚ್ಚಳ ಖಾಲಿ. ನಂಬರ್ ಇದ್ದಿದ್ದರೆ ಆತ ಯಾವ ಪಡೆಯವನು ಅಂತಲಾದರೂ ಹುಡುಕಬಹುದಿತ್ತು. ಹಾಗಾಗಿ ತೊಳೆಯೋದು ಬೇಡ. ನಮ್ಮವರಿಗೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ, ರಬ್ಬರಿಗೆ ಅದೂ ಬೇಡ, ಎಣ್ಣೆ ತಾಗಿದರೆ ರಬ್ಬರ್ ಹಾಳು. ಬಿಸಿಲು ಬೀಳದ ತಂಪು ಜಾಗ ಸಾಕು.

ಇನ್ನೊಂದು, ಯಾರಾದರೂ ಬೂದು ರಬ್ಬರಿನ, ಇಡೀ ತಲೆಗೆ ಟೋಪಿ ಹಾಗೆ ಎಳೆದುಕೊಳ್ಳುವ ಮಾಸ್ಕ್ ತೋರಿಸಿ ‘ಮಹಾಯುದ್ಧದ್ದು’ ಅಂದರೆ ಸುಮ್ನೆ ನಕ್ಕುಬಿಡಿ. ಅದು ಸೋವಿಯತ್ ರಷ್ಯಾದ ಜಿಪಿ-5, 1960ರ ದಶಕದಿಂದ ನಾಗರಿಕ ರಕ್ಷಣೆಗೆ ಮಾಡಿದ್ದು. ಬೇಕಾದಷ್ಟು ಸಿಗುತ್ತದೆ.

ಮಾರುವುದಾದರೆ ಫಿಲ್ಟರ್‌ನಲ್ಲಿ ಆಸ್ಬೆಸ್ಟಸ್ ಇದೆ ಅಂತ ಕೊಳ್ಳುವವರಿಗೆ ಮೊದಲೇ ಹೇಳಿ, ಹರಾಜಿನವರ ಹತ್ತಿರ ತೆಗೆದುಕೊಳ್ಳುತ್ತಾರಾ ಅಂತ ಕೇಳಿ. ಬೇಡ ಅನ್ನಿಸಿದರೆ ಕಸದ ಬುಟ್ಟಿಗೆ ಹಾಕದೆ ಕೌನ್ಸಿಲ್‌ಗೆ ಫೋನ್ ಮಾಡಿ. ಅದಕ್ಕೂ ಮೊದಲು ಖಾಕಿ ಚೀಲದ ಮುಚ್ಚಳ ಮೆಲ್ಲಗೆ ಎತ್ತಿ, ಒಳಗಿನ ಮುದ್ರೆಯ ಫೋಟೋ ಒಂದು ಹಾಕಿ. ವರ್ಷ ಕಂಡರೆ ಉಳಿದದ್ದು ಹೇಳುತ್ತೇನೆ.