ಹಸಿ ಹೊಟ್ಟು ಗಿಡದ ಬುಡಕ್ಕೆ ಬೇಡ

ಸಾಮಿಲ್ಲಿನಿಂದ ತಂದ ಮರದ ಹೊಟ್ಟನ್ನು ಬದನೆ, ಮೆಣಸಿನ ಕುಂಡಗಳ ಮಣ್ಣಿಗೆ ಬೆರೆಸಿದ ಮೇಲೆ ಎಲೆ ಹಳದಿಯಾಗುತ್ತಿದೆ, ಯಾವ ರೋಗ ಎಂದು ಕೇಳಿದ್ದೀರಿ. ಕೆಳಗಿನ ಹಳೆಯ ಎಲೆಗಳೇ ಮೊದಲು ಹಳದಿಯಾಗಿದ್ದರೆ ಬಹುಶಃ ರೋಗವಲ್ಲ, ಸಾರಜನಕದ ಕೊರತೆ. ಹೊಟ್ಟಿನಲ್ಲಿ ಇಂಗಾಲ ವಿಪರೀತ, ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ್ದನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡ ಉಪವಾಸ ಬೀಳುತ್ತದೆ.

ಸದ್ಯಕ್ಕೆ ಗಂಜಲಕ್ಕೆ ಹತ್ತು ಪಟ್ಟು ನೀರು ಬೆರೆಸಿ ವಾರಕ್ಕೊಮ್ಮೆ ಕೊಡಿ. ಗಂಜಲ ಸಿಗದಿದ್ದರೆ ನೆನೆಸಿದ ಕಡಲೆಕಾಯಿ ಹಿಂಡಿಯ ತಿಳಿನೀರು. ಉಳಿದ ಹೊಟ್ಟನ್ನು ಸಗಣಿಯ ಜೊತೆ ಪದರ ಪದರವಾಗಿ ಗುಂಡಿಗೆ ಹಾಕಿ, ತೇವ ಆರದಂತೆ ನೋಡಿಕೊಂಡು ತಿಂಗಳುಗಟ್ಟಲೆ ಕೊಳೆಯಲು ಬಿಡಿ. ಕಪ್ಪಗಾಗಿ ಮಣ್ಣಿನ ವಾಸನೆ ಬಂದ ಮೇಲೆ ಧೈರ್ಯವಾಗಿ ಬಳಸಿ, ಒಳ್ಳೆಯ ಗೊಬ್ಬರ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು: ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಕೊಯ್ದ ಪುಡಿ ತರಬೇಡಿ, ಅದರಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಅಂಟಿರುತ್ತದೆ. ಚೀಲ ಸುರಿಯುವಾಗ ಮೂಗಿಗೆ ಮಾಸ್ಕ್ ಇರಲಿ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಎರಡು ಚೀಲದಿಂದ ನಿಮಗೇನೂ ಆಗದು. ದಿನವಿಡೀ ಅದನ್ನೇ ಉಸಿರಾಡುವ ಆ ಸಾಮಿಲ್ಲಿನ ಹುಡುಗರಿಗೂ ದಯವಿಟ್ಟು ಒಂದು ಮಾತು ಹೇಳಿ.