ಕೀಬೋರ್ಡಿನ ಕೆಳಗಿದ್ದ ಚೀಟಿ

ಅಪ್ಪ, ಮಗ ಇಬ್ಬರೂ ಶಿಡ್ಲಘಟ್ಟ ಕಡೆಯಿಂದ ಬಸ್ಸಿಳಿದು ನೇರ ನಮ್ಮ ಆಪ್ತಸಮಾಲೋಚನೆ ಕೇಂದ್ರಕ್ಕೇ ಬಂದಿದ್ದರು. ಅಪ್ಪನ ಅಂಗಿಯಿಂದ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬರುತ್ತಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಆ ವಾಸನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೂರುವ ಮೊದಲೇ ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಶಾಲೆಯ ಪತ್ರ: ನಿಮ್ಮ ಮಗ ಶಾಲೆಯ ಕಂಪ್ಯೂಟರುಗಳನ್ನು ಹ್ಯಾಕ್ ಮಾಡಿದ್ದಾನೆ, ಏಳು ದಿನದೊಳಗೆ ಟಿಸಿ ಪಡೆಯತಕ್ಕದ್ದು, ತಪ್ಪಿದಲ್ಲಿ ಪೊಲೀಸರಿಗೆ ದೂರು ನೀಡಲಾಗುವುದು.

"ಹ್ಯಾಕ್ ಅಂದ್ರೆ ಏನ್ ಮೇಡಂ? ಬ್ಯಾಂಕಲ್ಲಿ ದುಡ್ಡು ಎಗರಿಸ್ತಾರಲ್ಲ, ಅದಾ?"

ಹುಡುಗನಿಗೆ ಹದಿಮೂರು, ಎಂಟನೇ ತರಗತಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಹೆಸರು ಬೇಡ, ಹುಡುಗ ಎಂದೇ ಕರೆಯುತ್ತೇನೆ.

ಮೊದಲ ಭೇಟಿಯನ್ನು ಕೆಡಿಸಿದವಳು ನಾನು. ಅಪ್ಪನನ್ನು ಹೊರಗೆ ಕೂರಿಸಿ, ತಲೆ ತಗ್ಗಿಸಿ ಕೂತಿದ್ದವನ ಹತ್ತಿರ ಮೆತ್ತಗಿನ ದನಿಯಲ್ಲೇ ಕೇಳಿದೆ: "ನೋಡಬಾರದ್ದು ಏನಾದ್ರೂ ನೋಡ್ತಿದ್ದೆಯಾ?" ದನಿ ಮೆತ್ತಗಿದ್ದರೇನು, ಪ್ರಶ್ನೆಯೊಳಗೆ ತೀರ್ಪು ಮೊದಲೇ ಇತ್ತು. ಹುಡುಗರು ಕಂಪ್ಯೂಟರಿನಲ್ಲಿ ತಾಣಗಳನ್ನು ತಡೆಯುವ ಫಿಲ್ಟರ್ ದಾಟಿದರು ಎಂದ ಕೂಡಲೇ ದೊಡ್ಡವರ ತಲೆ ಹೋಗುವುದು ಒಂದೇ ಕಡೆ. ಅವನು ಬಾಯಿ ಬಿಡಲಿಲ್ಲ. ನಲವತ್ತು ನಿಮಿಷ ಕಿಟಕಿಯಾಚೆ ನಂದಿಬೆಟ್ಟದ ಕಡೆ ನೋಡುತ್ತ ಕೂತ.

ಹೊರಡುವ ಮುನ್ನ ಒಂದು ಮಾತು ಮಾತ್ರ ಸುತ್ತಿ ಬಳಸದೆ ನೇರವಾಗಿ ಕೇಳಿದೆ: ಈ ಪತ್ರ ಬಂದ ಮೇಲೆ ಸಾಯುವ ಯೋಚನೆ ಬಂದಿತ್ತಾ? ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂದು ಎಷ್ಟೋ ಶಿಕ್ಷಕರು ಅಂಜುತ್ತಾರೆ, ಹಾಗೇನೂ ಆಗುವುದಿಲ್ಲ. ಆಗ ಮೊದಲ ಸಲ ತಲೆ ಎತ್ತಿದ. "ಇಲ್ಲ ಮೇಡಂ. ಬೆಂಗ್ಳೂರಿಗೆ ಓಡೋಗೋಣ ಅನ್ಸಿತ್ತು." ಅಪ್ಪನಿಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿ 1098 ಎರಡನ್ನೂ ಬರೆದುಕೊಟ್ಟೆ. ವಾರದ ಮಟ್ಟಿಗೆ ಹುಡುಗನನ್ನು ಒಂಟಿಯಾಗಿ ಬಿಡಬೇಡಿ, ಹಾಗಂತ ಕಾವಲು ಕಾಯುವವರ ಹಾಗೆಯೂ ಇರಬೇಡಿ ಎಂದೆ.

ಎರಡನೇ ಭೇಟಿಯಲ್ಲಿ ಮಾತಾಡಿದ. ನಾನು ಕೇಳಿದ್ದು ಇಷ್ಟೇ: "ಅದನ್ನ ಹೇಗೆ ಮಾಡ್ದೆ, ನನಗೆ ಅರ್ಥ ಆಗೋ ಹಾಗೆ ಹೇಳು." ಅವನ ಬೆನ್ನು ನೆಟ್ಟಗಾಯಿತು.

ಶಾಲೆಯ ಲ್ಯಾಬಿನಲ್ಲಿ ಯೂಟ್ಯೂಬ್, ಗೇಮು, ಇನ್‌ಸ್ಟಾಗ್ರಾಂ ಯಾವುದೂ ತೆರೆಯದಂತೆ ಬ್ಲಾಕ್ ಮಾಡಿದ್ದರು. ಇವನು ಚಿಕ್ಕಪ್ಪನ ಮಗನಿಂದ ಒಂದು ಪೆನ್‌ಡ್ರೈವ್ ತಂದಿದ್ದ. ಅದರಲ್ಲೊಂದು ಬ್ರೌಸರು, ಬ್ರೌಸರಿನಲ್ಲೊಂದು ಪುಕ್ಕಟೆ ವಿಪಿಎನ್. ಇವನ ಕಂಪ್ಯೂಟರಿನಿಂದ ಹೊರಡುವುದೆಲ್ಲ ದೂರದ ಇನ್ನಾವುದೋ ಸರ್ವರಿಗೆ ಹೋಗಿ, ಅಲ್ಲಿಂದ ಬೇಕಾದ ತಾಣಕ್ಕೆ ಹೋಗುತ್ತದೆ. ಶಾಲೆಯ ಫಿಲ್ಟರಿಗೆ ಕಾಣುವುದು ಆ ಸರ್ವರಿನ ವಿಳಾಸ ಮಾತ್ರ. ಮೊದಲು ತಾನೊಬ್ಬನೇ ಕ್ರಿಕೆಟ್ ಗೇಮ್ ಆಡಿದ. ಪಕ್ಕದವನು ನೋಡಿದ. ತಿಂಗಳಲ್ಲಿ ಹನ್ನೊಂದು ಮಕ್ಕಳ ಕೈಗೆ ಆ ಪೆನ್‌ಡ್ರೈವ್ ಹೋಗಿ ಬಂತು.

"ದುಡ್ಡು ತಗೊಂಡ್ಯಾ?"

"ಇಲ್ಲ ಮೇಡಂ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಗ್ ಪಫ್ಸ್ ಕೊಡಿಸ್ತಿದ್ರು."

ನಗು ತಡೆದುಕೊಂಡೆ. ಅವನೂ ತಡೆದುಕೊಂಡಿದ್ದು ಕಂಡಿತು. ಅಲ್ಲಿಂದ ಮುಂದೆ ಇಬ್ಬರಿಗೂ ಸಲೀಸಾಯಿತು.

ಏಳನೆಯವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ, ಮನೆಯಲ್ಲಿ ತೆಲುಗು. ಎಂಟಕ್ಕೆ ತಂದು ಹಾಕಿದ್ದು ಇಂಗ್ಲಿಷ್ ಮಾಧ್ಯಮಕ್ಕೆ. ಪಾಠ ಓದಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಕಿಸಕಿಸ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅವನಿಗೆ ತರಗತಿಯಲ್ಲಿ ಹೆಸರೇ ಇರಲಿಲ್ಲ, "ಏಯ್ ಹಳ್ಳಿ" ಅಷ್ಟೇ. ನವೆಂಬರ್ ಹೊತ್ತಿಗೆ "ಹ್ಯಾಕರ್" ಆದ. ಅವನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆ ಪದವನ್ನು ಏಳೆಂಟು ತರದ ಅಕ್ಷರಗಳಲ್ಲಿ ಬರೆದುಕೊಂಡಿದ್ದ.

ಇಲ್ಲಿಗೆ ನಿಂತಿದ್ದರೆ ಇದು ಪೆನ್‌ಡ್ರೈವ್ ಕಿತ್ತುಕೊಂಡು ಎರಡು ಬೈದು ಮುಗಿಸುವ ವಿಚಾರ. ನಿಲ್ಲಲಿಲ್ಲ. ಕಂಪ್ಯೂಟರ್ ಟೀಚರು ತಮ್ಮ ಲಾಗಿನ್‌ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗೆ ಇಟ್ಟಿದ್ದರು. ಮೂವರು ಶಿಕ್ಷಕರು ಒಂದೇ ಲಾಗಿನ್ ಹಂಚಿಕೊಂಡಿದ್ದರಿಂದ ಅದು ಅವರಿಗೆ ಅನಿವಾರ್ಯವಾಗಿತ್ತು. ಟೀಚರ ಲಾಗಿನ್‌ಗೆ ಫಿಲ್ಟರ್ ಇರಲಿಲ್ಲ. ಹುಡುಗ ಚೀಟಿ ನೋಡಿದ, ಬಳಸಿದ, ಇಬ್ಬರಿಗೆ ಹೇಳಿದ. ಆ ಇಬ್ಬರಲ್ಲಿ ಒಬ್ಬನೋ, ಅವನಿಂದ ತಿಳಿದ ಮತ್ತೊಬ್ಬನೋ, ಎಫ್‌ಎ ಎಂಬ ಕಿರುಪರೀಕ್ಷೆಯ ಅಂಕಗಳ ಎಕ್ಸೆಲ್ ಹಾಳೆ ತೆರೆದು 11 ಇದ್ದಲ್ಲಿ 17 ಮಾಡಿದ. ಯಾರು ಎಂದು ನಾನು ಕೇಳಲಿಲ್ಲ, ಶಾಲೆಯವರು ಎಷ್ಟು ಕೇಳಿದರೂ ಇವನು ಹೇಳಲಿಲ್ಲ.

"ಎರಡೂ ಒಂದೇ ಅಲ್ವಾ ಮೇಡಂ? ಫಿಲ್ಟರ್ ದಾಟೋಕೇ ತಾನೆ?" ಅವನಿಗೆ ನಿಜವಾಗಿಯೂ ವ್ಯತ್ಯಾಸ ಕಂಡಿರಲಿಲ್ಲ. ವಿಚಿತ್ರವೆಂದರೆ ಶಾಲೆಗೂ ಕಂಡಿರಲಿಲ್ಲ. ಪತ್ರದಲ್ಲಿ ಎರಡಕ್ಕೂ ಸೇರಿ ಒಂದೇ ಪದ. ಚಟ್ಟನೆ ಅರ್ಥವಾದದ್ದು ಅಪ್ಪನಿಗೆ. ಅವರಿಗೆ ಮನೆಗೆ ಅಂಟಿಕೊಂಡ ಸಣ್ಣ ಬಿಚ್ಚಾಣಿಕೆ ಘಟಕವಿದೆ, ಗೂಡಿನಿಂದ ರೇಷ್ಮೆ ನೂಲು ತೆಗೆಯುವಂಥದ್ದು, ಗೂಡಿನ ಮಾರುಕಟ್ಟೆಯ ಹರಾಜಿಗೆ ತಪ್ಪದೆ ಹೋಗುವವರು. ನಾನು ಕೇಳಿದೆ: "ಮಾರ್ಕೆಟ್ ಗೇಟು ಹಾಕಿದ್ದಾಗ ಒಬ್ಬ ಕಾಂಪೌಂಡ್ ಹಾರಿ ಒಳಗೆ ಬಂದ ಅಂದ್ಕೊಳ್ಳಿ. ಇನ್ನೊಬ್ಬ ನಿಮ್ಮ ಮೊಬೈಲ್ ತಗೊಂಡು ನಿಮ್ಮ ಹೆಸರಲ್ಲಿ ಲಾಟ್‌ಗೆ ರೇಟು ಹಾಕ್ಬಿಟ್ಟ. ಎರಡೂ ಒಂದೇನಾ?"

"ಅದೆಂಗೆ ಒಂದಾಯ್ತದೆ ಮೇಡಂ? ದುಡ್ಡು ಕಟ್ಬೇಕಾಗಿರೋನು ನಾನಲ್ವಾ!" ಮಗನ ಕಡೆ ತಿರುಗಿ ತೆಲುಗಿನಲ್ಲಿ ಏನೋ ಗದರಿದರು. ಹುಡುಗನ ಮುಖ ಸಪ್ಪಗಾಯಿತು.

ಇಲ್ಲಿ ದುಡ್ಡು ಕಟ್ಟಿದವರು ಕಂಪ್ಯೂಟರ್ ಟೀಚರು. ಗೌರವಧನದ ಮೇಲೆ ಕೆಲಸ ಮಾಡುವ ಹೆಣ್ಣುಮಗಳು. ಅಂಕ ತಿದ್ದಿದ್ದು ಅವರ ಲಾಗಿನ್‌ನಿಂದಾದ್ದರಿಂದ ಆಡಳಿತ ಮಂಡಳಿ ಮೊದಲು ಮೆಮೊ ಕೊಟ್ಟಿದ್ದೇ ಅವರಿಗೆ. ಇಡೀ ಶಾಲೆಯಲ್ಲಿ ಹುಡುಗನನ್ನು "ಚುರುಕಾಗಿದೀಯ ಕಣೋ" ಅಂದಿದ್ದವರು ಅವರೊಬ್ಬರೇ. ಅವರಿಗೆ ಮೆಮೊ ಬಂದ ವಿಷಯ ಇವನಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ಅತ್ತ. ಆ ಎರಡು ವಾರದಲ್ಲಿ ಅವನು ಅತ್ತಿದ್ದು ಅದೊಂದೇ ಸಲ.

ಶಾಲೆಗೆ ನಾನೇ ಹೋದೆ. ಮುಖ್ಯೋಪಾಧ್ಯಾಯರು ಕೆಟ್ಟವರೇನಲ್ಲ, ಹೆದರಿದ್ದರು. ಪತ್ರಿಕೆಯಲ್ಲಿ ಬಂದರೆ, ಬಿಇಒ ಕೇಳಿದರೆ ಎಂಬ ಚಿಂತೆ. ಕಾನೂನಿನ ಮಾತು ಅವರೇ ಎತ್ತಿದ್ದರಿಂದ ಕಾನೂನಿನಿಂದಲೇ ಶುರುಮಾಡಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ಮುಂದೆ ನಿಲ್ಲಿಸಿ ಹೆಸರು ಕೂಗುವ ಯೋಚನೆಯನ್ನು ಬಿಡಬೇಕಾಗುತ್ತದೆ. ಹಾಗೆಂದು ಹುಡುಗ ಮಾಡಿದ್ದು ಹಗುರವೂ ಅಲ್ಲ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಅಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದಾದ ಅಪರಾಧ. ಹದಿನೆಂಟು ತುಂಬದವರ ವಿಚಾರ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಇದನ್ನು ಹುಡುಗನಿಗೂ ಹೇಳಿದ್ದೆ, ಹೆದರಿಸುವ ದನಿಯಲ್ಲಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ.

ಆಮೇಲೆ ಬ್ಲಾಕ್ ಪಟ್ಟಿ ತೋರಿಸಿ ಎಂದೆ. ತಾಣಗಳ ಹೆಸರಿನ ಜೊತೆಗೆ ಪದಗಳೂ ಇದ್ದವು. ಯಾರೋ ಕೂತು ತಮಗೆ ನಾಚಿಕೆಯಾದ ಇಂಗ್ಲಿಷ್ ಪದಗಳನ್ನೆಲ್ಲ ಸೇರಿಸಿದ್ದರು. ಅವರ ಎಂಟನೇ ತರಗತಿಯ ವಿಜ್ಞಾನದಲ್ಲಿ ಪ್ರಾಣಿಗಳ ಸಂತಾನೋತ್ಪತ್ತಿಯ ಪಾಠವಿತ್ತು, ಹದಿಹರೆಯದ ಪಾಠವಿತ್ತು. ಆ ಪಾಠಗಳ ಬಗ್ಗೆ ಲ್ಯಾಬಿನಲ್ಲಿ ಹುಡುಕಿದರೆ ಕೆಂಪು ಪರದೆ ಬರುತ್ತಿತ್ತು. ಸ್ತನ ಕ್ಯಾನ್ಸರ್ ಕುರಿತ ಆಸ್ಪತ್ರೆಯ ಪುಟವೂ ತೆರೆಯಲಿಲ್ಲ, ನಾನೇ ಟೈಪ್ ಮಾಡಿ ತೋರಿಸಿದೆ. ವಿಜ್ಞಾನದ ಶಿಕ್ಷಕರು ಹಿಂದಿನಿಂದ ಮೆಲ್ಲಗೆ, "ನಾನು ಹೋದ ವರ್ಷವೇ ಹೇಳಿದ್ದೆ ಸರ್" ಎಂದರು. ಪಾಠಕ್ಕೆ ಬೇಕಾದದ್ದೇ ಸಿಗದ ಕಡೆ ಮಕ್ಕಳಿಗೆ ಫಿಲ್ಟರಿನ ಮೇಲೆ ಗೌರವ ಹುಟ್ಟುವುದು ಹೇಗೆ? ಫಿಲ್ಟರೇ ಬೇಡ ಎನ್ನುವವರ ಪೈಕಿ ನಾನಲ್ಲ. ಹದಿಮೂರರ ಮಕ್ಕಳಿರುವ ಲ್ಯಾಬಿಗೆ ಅದು ಬೇಕು. ಆದರೆ ಪಟ್ಟಿಯನ್ನು ಪಾಠ ಮಾಡುವವರು ಕೂತು ನೋಡಿರಬೇಕು.

ಒಂದು ಗಂಟೆಯ ಮಾತಿನ ನಂತರ ಮುಖ್ಯೋಪಾಧ್ಯಾಯರು ಪೂರ್ತಿ ಆಚೆ ಬದಿಗೆ ವಾಲಿದರು: "ಹಾಗಾದ್ರೆ ಇವನನ್ನೇ ಲ್ಯಾಬ್ ಲೀಡರ್ ಮಾಡ್ಬಿಡೋಣ ಮೇಡಂ, ಬುದ್ಧಿವಂತ ಅಲ್ವಾ?" ಈ ಉಪಾಯ ಎಲ್ಲ ಕಡೆ ಕೇಳುತ್ತೇನೆ, ಎಲ್ಲ ಕಡೆ ಬೇಡ ಎನ್ನುತ್ತೇನೆ. ಮೆಮೊ ಪಡೆದ ಟೀಚರ ಕಣ್ಣೆದುರಿಗೇ ಬಹುಮಾನ ಕೊಟ್ಟ ಹಾಗಾಗುತ್ತದೆ. ಜೊತೆಗೆ ಕೀಲಿಕೈ ಹಿಡಿದವನ ಮೇಲೆ ಗೆಳೆಯರ ಒತ್ತಾಯ ಹತ್ತು ಪಟ್ಟಾಗುತ್ತದೆ. ಈ ಹುಡುಗ ಇನ್ನೂ ಬೇಡ ಅನ್ನಲು ಕಲಿತಿಲ್ಲ.

ಕೊನೆಗೆ ಒಪ್ಪಿಕೊಂಡದ್ದು ಹೀಗೆ. ಟಿಸಿ ಪತ್ರ ವಾಪಸ್. ಟೀಚರ ಮೆಮೊ ಕೂಡ ವಾಪಸ್, ಅದನ್ನು ಲಿಖಿತವಾಗಿ ಕೊಡಬೇಕು. ಪ್ರತಿ ಶಿಕ್ಷಕರಿಗೂ ಬೇರೆ ಲಾಗಿನ್. ಅಂಕಗಳನ್ನು ಕಾಗದದ ರಿಜಿಸ್ಟರಿನೊಂದಿಗೆ ತಾಳೆ ನೋಡಬೇಕು. ಒಂದು ತಿಂಗಳು ಹುಡುಗ ಲ್ಯಾಬಿನಲ್ಲಿ ಟೀಚರ ಪಕ್ಕದ ಸೀಟಿನಲ್ಲೇ ಕೂರಬೇಕು. ಮತ್ತೊಂದು ಕೆಲಸವಿತ್ತು, ಅದು ನನ್ನ ಸಲಹೆ, ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದೂ ಅದೇ.

ಪುಕ್ಕಟೆ ವಿಪಿಎನ್ ನಡೆಸುವವರ ಸರ್ವರಿಗೂ ಕರೆಂಟ್ ಬಿಲ್ ಬರುತ್ತದೆ. ಅದನ್ನು ಎಲ್ಲೋ ಒಂದು ಕಡೆ ಹುಟ್ಟಿಸಿಕೊಳ್ಳಲೇಬೇಕು. 2015ರಲ್ಲಿ ಹೋಲಾ ಎಂಬ ಜನಪ್ರಿಯ ಪುಕ್ಕಟೆ ವಿಪಿಎನ್ ತನ್ನ ಬಳಕೆದಾರರ ಇಂಟರ್‌ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದ್ದುದು ಬಯಲಾಗಿತ್ತು. ಬ್ರೌಸರಿಗೆ ಸೇರಿಸುವ ಇಂಥ ಎಕ್ಸ್‌ಟೆನ್ಷನ್‌ಗಳಲ್ಲಿ ಹಲವು, ನೀವು ತೆರೆಯುವ ಎಲ್ಲ ಪುಟಗಳ ಮಾಹಿತಿಯನ್ನು ಓದುವ, ಬದಲಿಸುವ ಅನುಮತಿ ಕೇಳುತ್ತವೆ. ಹುಡುಗ ಅದನ್ನು ಓದದೆಯೇ ಸರಿ ಎಂದು ಒತ್ತಿದ್ದ. ನಾವೆಲ್ಲ ಒತ್ತುವುದೂ ಹಾಗೆಯೇ. ಆ ಬ್ರೌಸರಿನಲ್ಲಿ ಹನ್ನೊಂದು ಮಕ್ಕಳು ಜಿಮೇಲ್, ಇನ್‌ಸ್ಟಾಗ್ರಾಂ ತೆರೆದಿದ್ದರು, ಕೆಲವರು ಅಪ್ಪ ಅಮ್ಮನ ಖಾತೆಯಿಂದ. ಹಾಗಾಗಿ ಹನ್ನೊಂದು ಮಂದಿಯ ಹತ್ತಿರವೂ ಒಬ್ಬೊಬ್ಬರಾಗಿ ಹೋಗಿ, "ನಾನು ಕೊಟ್ಟಿದ್ದು ಸೇಫ್ ಅಲ್ಲ, ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ" ಎಂದು ಹೇಳಬೇಕು.

"ಎಲ್ರೂ ನಗ್ತಾರೆ ಮೇಡಂ."

"ಹೌದು, ನಗ್ತಾರೆ."

ಸುಳ್ಳು ಸಮಾಧಾನ ಹೇಳಲಿಲ್ಲ. ಹ್ಯಾಕರ್ ಎಂಬ ಹೆಸರನ್ನು ತಾನೇ ಹೋಗಿ ವಾಪಸ್ ಕೊಟ್ಟು ಬರುವ ಕೆಲಸ ಅದು. ಒಂದೊಂದು ವಾಕ್ಯವನ್ನೂ ನನ್ನೆದುರು ಅಭ್ಯಾಸ ಮಾಡಿಸಿದೆ. ನಕ್ಕರೆ ಏನು ಮಾಡುವುದು, "ಯಾರು ಹೇಳಿಕೊಟ್ರೋ" ಅಂದರೆ ಏನು ಹೇಳುವುದು, ಎಲ್ಲವನ್ನೂ. ಒಂಬತ್ತು ದಿನ ಹಿಡಿಯಿತು. ಇಬ್ಬರು ಬೈದರು. ಒಬ್ಬಳು, "ಮೊದ್ಲೇ ಹೇಳೋಕೆ ಏನಾಗಿತ್ತು" ಎಂದು ಜಗಳ ಆಡಿದಳಂತೆ, ಅವಳು ಬಳಸಿದ್ದು ಅಮ್ಮನ ಜಿಮೇಲ್.

ಟೀಚರ ಜೊತೆಗಿನ ಭೇಟಿ ಲ್ಯಾಬಿನಲ್ಲೇ ಆಯಿತು. ತಾನು ಮಾಡಿದ್ದನ್ನೆಲ್ಲ ಬರೆದು ತಂದಿದ್ದ, ಎರಡೂವರೆ ಪುಟ, ಕನ್ನಡದಲ್ಲಿ. ಅವರು ಓದಿ ಮಡಚಿಟ್ಟರು. "ನಿನ್ ಮೇಲೆ ಸಿಟ್ಟಿಲ್ಲ ಕಣೋ. ಮೆಮೊ ತಗೊಂಡು ಮನೆಗೋದ ದಿನ ಸುಮ್ ಸುಮ್ನೆ ನನ್ ಮಗಳಿಗೆ ಹೊಡ್ದೆ. ಅದೇ ಮನಸಲ್ಲಿ ಕೂತ್ಬಿಟ್ಟಿದೆ." ಹುಡುಗ "ಸಾರಿ ಮಿಸ್" ಅನ್ನಲು ಬಾಯಿ ತೆರೆದು ಸುಮ್ಮನಾದ. ನಾನೂ ಏನೂ ಸೇರಿಸಲಿಲ್ಲ.

ಅಪ್ಪನಿಗೆ ಹೇಳಿದ್ದು ಎರಡೇ ಮಾತು. ಮನೆಯ ಮೊಬೈಲನ್ನು ಪೂರ್ತಿ ಕಿತ್ತುಕೊಳ್ಳಬೇಡಿ. ಅವನು ಅದರಲ್ಲಿ ಮಾಡುವುದನ್ನು ವಾರಕ್ಕೊಂದು ದಿನ ನಿಮಗೆ ವಿವರಿಸಲಿ, ಅರ್ಥವಾಗದಿದ್ದರೂ ಕೇಳಿ. ಇಂಗ್ಲಿಷ್ ಓದಿಗೆ ಯಾರದಾದರೂ ನೆರವು ಹುಡುಕಿ. ಎರಡನೆಯದನ್ನು ಅವರು ಮರುದಿನವೇ ಮಾಡಿದರು, ಪಕ್ಕದ ಬೀದಿಯ ಡಿಗ್ರಿ ಓದುವ ಹುಡುಗಿಯ ಹತ್ತಿರ. ಮೊದಲನೆಯದು ನಡೆಯಲಿಲ್ಲ. ಗೂಡಿನ ಸೀಸನ್ನಿನಲ್ಲಿ ಅವರಿಗೆ ಕೂರಲು ಹೊತ್ತೇ ಸಿಗುವುದಿಲ್ಲ.

ಮೂರು ತಿಂಗಳ ನಂತರ ಹುಡುಗ ಒಬ್ಬನೇ ಬಸ್ಸಿನಲ್ಲಿ ಬಂದ. ಈಗ ಏನಂತ ಕರೀತಾರೆ ಎಂದು ಕೇಳಿದೆ.

"ಪಾಸ್‌ವರ್ಡ್ ಅಂತಾರೆ ಮೇಡಂ." ಅಷ್ಟೇನೂ ಬೇಸರವಿದ್ದಂತೆ ಕಾಣಲಿಲ್ಲ.

"ಲ್ಯಾಬಲ್ಲಿ ಹೊಸ ಫಿಲ್ಟರ್ ಹಾಕಿದಾರಂತೆ?"

"ಹ್ಞೂಂ. ವಿಜ್ಞಾನದ್ದು ಎಲ್ಲ ಓಪನ್ ಆಗುತ್ತೆ. ವಿಪಿಎನ್ ನಡಿಯಲ್ಲ." ಬ್ಯಾಗಿನ ಜಿಪ್ಪನ್ನು ಎಳೆದ, ಬಿಟ್ಟ. "ನಾನ್ ಮುಟ್ಟಿಲ್ಲ ಮೇಡಂ. ಎಲ್ಲಿ ಸಡಿಲ ಇದೆ ಅಂತ ನೋಡ್ದೆ, ಅಷ್ಟೇ. ಮಿಸ್‌ಗೂ ಹೇಳ್ದೆ."