ಆಟಿಸಂ ಇರೋ ದೊಡ್ಡವರಿಗೆ ಡಿಪ್ರೆಶನ್ ಬಂದ್ರೆ ಕೌನ್ಸೆಲಿಂಗ್‌ನಿಂದ ನಿಜವಾಗ್ಲೂ ಉಪಯೋಗ ಆಗತ್ತಾ?

ನಿಮಗೆ ಆಟಿಸಂ ಇರೋದು ದೊಡ್ಡವರಾದ್ಮೇಲೆ ಗೊತ್ತಾಗಿದೆ, ಜೊತೆಗೆ ಡಿಪ್ರೆಶನ್ ಬೇರೆ, ಕೌನ್ಸೆಲರ್ ಹತ್ರ ಹೋದ್ರೆ "ಈಗ ನಿಮಗೆ ಏನ್ ಅನ್ನಿಸ್ತಿದೆ" ಅಂತ ಕೇಳ್ತಾರೆ, ನಂಗೆ ಉತ್ತರಾನೇ ಬರಲ್ಲ, ಬಿಟ್ಬಿಡ್ಲಾ ಅಂತ ಕೇಳಿದೀರ. ದಯವಿಟ್ಟು ಬಿಡ್ಬೇಡಿ. ನಂಗೂ ಆಟಿಸಂ ಇದೆ, ಡಿಪ್ರೆಶನ್ ಕೂಡ ಅನುಭವಿಸಿದೀನಿ, ಕೌನ್ಸೆಲಿಂಗ್‌ನಿಂದ ತುಂಬಾ ಸಹಾಯ ಆಯ್ತು, ಆದ್ರೆ ಅದು ನಮ್ ಕೌನ್ಸೆಲರ್ ತಮ್ಮ ವಿಧಾನಾನ ನಂಗೆ ತಕ್ಕ ಹಾಗೆ ಬದಲಾಯಿಸ್ಕೊಂಡ ಮೇಲೆ.

ಉತ್ತರ ಬರದೇ ಇರೋದಕ್ಕೆ ಕಾರಣ ಇದೆ. ಆಟಿಸಂ ಇರೋರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಅಲೆಕ್ಸಿಥೈಮಿಯಾ ಇರತ್ತೆ, ಒಳಗೆ ಏನೋ ಆಗ್ತಿದೆ ಅಂತ ಗೊತ್ತಾಗತ್ತೆ ಆದ್ರೆ ಅದು ಬೇಜಾರಾ, ಕೋಪಾನಾ, ಭಯಾನಾ, ಇಲ್ಲ ಬರೀ ಹಸಿವಾ ಅಂತ ಬಿಡಿಸಿ ಹೇಳಕ್ಕಾಗಲ್ಲ. ನಮ್ ಕೌನ್ಸೆಲರ್ ಆ ಪ್ರಶ್ನೆ ಕೇಳೋದನ್ನೇ ನಿಲ್ಲಿಸಿ ಒಂದು ಹಾಳೆ ಕೊಟ್ರು, ಅದ್ರಲ್ಲಿ ಟೈಮು, ಆಗ ಏನ್ ನಡೀತಿತ್ತು, ಮೈಯಲ್ಲಿ ಏನಾಗ್ತಿದೆ, ಹತ್ತಕ್ಕೆ ಎಷ್ಟು ಕಷ್ಟ, ಅಷ್ಟೇ. "ಗುರುವಾರ ಮೂರೂವರೆ, ಟೀಂ ಮೀಟಿಂಗ್ ಮುಗೀತು, ದವಡೆ ಬಿಗಿ, ಕೈ ತಣ್ಣಗಿದೆ, 8" ಈ ತರ. ಕೆಲವು ವಾರ ಆದ್ಮೇಲೆ ಇಬ್ರೂ ಕೂತು ನೋಡಿದ್ವಿ, ಕಾರಣಾನೇ ಇಲ್ದೆ ಕುಸಿದು ಬೀಳ್ತೀನಿ ಅಂದ್ಕೊಂಡಿದ್ದ ಸಂಜೆಗಳೆಲ್ಲ ನಾನು ಗಂಟೆಗಟ್ಲೆ ಜನರ ಮಧ್ಯೆ ನಗ್ತಾ, ತಲೆ ಆಡಿಸ್ತಾ, ಎಲ್ಲಾ ಸರಿಯಿದೆ ಅನ್ನೋ ಹಾಗೆ ಕೂತಿದ್ದ ದಿನಗಳದ್ದೇ ಆಗಿತ್ತು. ಇದಕ್ಕೆ ಮಾಸ್ಕಿಂಗ್ ಅಂತಾರೆ, ವರ್ಷಗಟ್ಲೆ ಇದನ್ನೇ ಮಾಡ್ತಿರೋರಲ್ಲಿ ಡಿಪ್ರೆಶನ್ ಜಾಸ್ತಿ ಕಂಡುಬರತ್ತೆ.

ಇನ್ನೊಂದು ಮುಖ್ಯವಾದ್ದು. ಆಟಿಸಂ ಬರ್ನೌಟ್, ಅಂದ್ರೆ ತುಂಬಾ ದಿನ ಮೈಮನಸ್ಸಿಗೆ ತಡ್ಕೊಳ್ಳಕ್ಕಾಗದಷ್ಟು ಹೊರೆ ಬಿದ್ದು ಪೂರ್ತಿ ಬಳಲಿ ಹೋಗೋದು, ಮತ್ತೆ ಡಿಪ್ರೆಶನ್ ಹೊರಗಿಂದ ಒಂದೇ ತರ ಕಾಣತ್ತೆ, ಎರಡೂ ಒಟ್ಟಿಗೆ ಇರಬಹುದು ಕೂಡ. ಡಿಪ್ರೆಶನ್‌ಗೆ ಸಾಮಾನ್ಯವಾಗಿ ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೀರಿ ಅಂತಾರೆ, ಬರ್ನೌಟ್ ಆಗಿರೋರು ಅದನ್ನೇ ಮಾಡಿದ್ರೆ ಇನ್ನೂ ಸುಸ್ತಾಗಿ ಮಲಗಿಬಿಡ್ತಾರೆ. ಹಾಗಾಗಿ ಮೊದಲು ಸದ್ದು, ಬೆಳಕು, ಜನ ಇವನ್ನ ಕಮ್ಮಿ ಮಾಡ್ಕೊಂಡು, ಆಮೇಲೆ ನಿಮಗೆ ಯಾವ ವಿಷಯದಲ್ಲಿ ಹುಚ್ಚು ಆಸಕ್ತಿ ಇದ್ಯೋ ಅದನ್ನೇ ದಿನಾ ಸ್ವಲ್ಪ ಹೊತ್ತು ಮತ್ತೆ ಶುರು ಮಾಡೋದು ಒಳ್ಳೇದು, ನಂಗಂತೂ ಹಾಗೇ ಜೀವ ಬಂತು.

ಸಿಬಿಟಿ, ಅಂದ್ರೆ ನಮ್ಮ ಯೋಚನೆ, ನಡವಳಿಕೆಗಳನ್ನ ಪರೀಕ್ಷಿಸಿ ಬದಲಾಯಿಸೋ ಥೆರಪಿ ಬಗ್ಗೆ ಒಂದು ಮಾತು. ಅದ್ರಲ್ಲಿ "ಎಲ್ರೂ ನನ್ನನ್ನ ವಿಚಿತ್ರವಾಗಿ ನೋಡ್ತಾರೆ" ಅಂದ್ರೆ ಇದು ನಿಮ್ಮ ತಪ್ಪು ಯೋಚನೆ ಅಂದ್ಬಿಡೋರಿದ್ದಾರೆ. ಆದ್ರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಸ್ಕೂಲಿಂದ ಹಿಡಿದು ಅದು ನಿಜವಾಗ್ಲೂ ಆಗಿರತ್ತೆ! ಒಳ್ಳೇ ಕೌನ್ಸೆಲರ್ ಆಗಿದ್ದನ್ನ ಆಗಿದೆ ಅಂತ ಒಪ್ಕೋತಾರೆ, ಅದ್ರಿಂದ ನಾವು ಕಟ್ಕೊಂಡಿರೋ "ಅದಕ್ಕೇ ನಾನು ಯಾವ ಕೆಲಸಕ್ಕೂ ಬಾರದವನು" ಅನ್ನೋದನ್ನ ಮಾತ್ರ ಪ್ರಶ್ನೆ ಮಾಡ್ತಾರೆ. ನಂಗೆ ಅತಿ ಹೆಚ್ಚು ಹಗುರ ಆಗಿದ್ದು ಇದ್ರಿಂದಾನೇ.

ಮುಂದಿನ ಸಲ ಹೋಗೋವಾಗ ಧೈರ್ಯವಾಗಿ ಕೇಳಿ: ಏನ್ ಮಾತಾಡ್ತೀವಿ ಅಂತ ಮೊದಲೇ ಬರೆದು ಕಳಿಸ್ತೀರಾ, ಕಣ್ಣಲ್ಲಿ ಕಣ್ಣಿಟ್ಟು ನೋಡದೇ ಇದ್ರೆ ಪರವಾಗಿಲ್ವಾ, ಮಾತು ಬರದಿದ್ದಾಗ ಟೈಪ್ ಮಾಡ್ಲಾ, ಮಧ್ಯೆ ಬ್ರೇಕ್ ತಗೋಬಹುದಾ. ಇದೇನು ಹಠ ಅಲ್ಲ, ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ಮಾಡೋ ನೈಸ್ (NICE) ಸಂಸ್ಥೆ 2012ರಲ್ಲೇ ಆಟಿಸಂ ಇರೋ ವಯಸ್ಕರಿಗೆ ಥೆರಪಿ ಕೊಡೋವಾಗ ಬರಹ, ಚಿತ್ರ ಜಾಸ್ತಿ ಬಳಸಿ, ನೇರವಾಗಿ ಹೇಳಿ, ಬ್ರೇಕ್ ಕೊಡಿ, ಅವರ ಆಸಕ್ತಿಗಳನ್ನ ಸೇರಿಸ್ಕೊಳ್ಳಿ ಅಂತ ಮಾರ್ಗಸೂಚಿ ಕೊಟ್ಟಿದೆ. ಇಷ್ಟು ಕೇಳಿದ್ಮೇಲೂ ನಿಮ್ಮನ್ನ "ನಾರ್ಮಲ್" ಮಾಡೋದೇ ಗುರಿ ಅನ್ನೋ ತರ ಇದ್ರೆ ಬೇರೆ ಕೌನ್ಸೆಲರ್ ನೋಡಿ.

ನಿದ್ದೆ, ಊಟ ಎಲ್ಲಾ ಕೆಟ್ಟಿದ್ರೆ ಸೈಕಿಯಾಟ್ರಿಸ್ಟನ್ನೂ ನೋಡಿ, ಮಾತ್ರೆ ಕೊಟ್ರೆ ಆಟಿಸಂ ಇದೆ ಅಂತ ಹೇಳಿ, ಕಮ್ಮಿ ಡೋಸಿಂದ ಶುರು ಮಾಡಬಹುದಾ ಅಂತ ಕೇಳಿ. ಮತ್ತೆ ಸಾಯೋ ಯೋಚನೆ ಬರ್ತಿದ್ರೆ ಅದನ್ನ ನೇರವಾದ ಪದಗಳಲ್ಲೇ ಹೇಳಿ, ಯಾಕಂದ್ರೆ ನಮ್ಮ ಮುಖ, ದನಿ ನೋಡಿ ಎಷ್ಟೋ ಸಲ ಎದುರಿಗಿರೋರಿಗೆ ಗೊತ್ತಾಗಲ್ಲ. ಬಾಯಲ್ಲಿ ಬರದಿದ್ರೆ ಮೊಬೈಲಲ್ಲಿ ಟೈಪ್ ಮಾಡಿ ನಂಬಿಕೆ ಇರೋ ಒಬ್ಬರಿಗೆ ಇವತ್ತೇ ತೋರಿಸಿ, ಹೆಲ್ಪ್‌ಲೈನ್‌ಗೋ ಆಸ್ಪತ್ರೆಗೋ ಹೋಗಕ್ಕೆ ಅವರ ಸಹಾಯ ತಗೊಳ್ಳಿ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯ್ಬೇಡಿ.